ಬ್ಯಾಗಿನ ಜಾಗ ಲಾಫ್ಟ್ ಅಲ್ಲ

ಜೂನ್ ಎರಡನೇ ವಾರ ಲಾಫ್ಟಿನಿಂದ ನನ್ನ ಹಳೇ ಟ್ರೆಕ್ಕಿಂಗ್ ಬ್ಯಾಗು ಇಳಿಸಿದೆ. ಮಳೆ ಶುರುವಾಗಿತ್ತು. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಓಣಿಯಲ್ಲಿ ಆಗಲೇ ಪಾದ ಮುಳುಗುವಷ್ಟು ನೀರು, ವರ್ಷದ ಮೊದಲ ಟ್ರೆಕ್ಕಿಗೆ ಇನ್ನು ಎರಡೇ ವಾರ. ಜಿಪ್ ಎಳೆದು ಒಳಗೆ ಕೈ ಹಾಕಿದರೆ ಕೈ ಅಂಟಿಕೊಂಡಿತು. ಬೆಲ್ಲದ ಪಾಕ ಚೆಲ್ಲಿ ಒರೆಸದೆ ಬಿಟ್ಟ ಕಟ್ಟೆಯ ಹಾಗೆ ಜಿಗಿಜಿಗಿ. ಹೊರಗೆ ತೆಗೆದು ನೋಡಿದರೆ ಬೆರಳಿಗೆಲ್ಲ ಬಿಳಿ ಹೊಟ್ಟು ಮೆತ್ತಿದೆ, ಜೊತೆಗೆ ಹುಳಿ ಹುಳಿ ವಾಸನೆ ಅಡುಗೆಮನೆ ತನಕ ಹೋಯಿತು.

"ಇದೇನೋ ತಮ್ಮಾ, ಇಷ್ಟ್ ಕೆಟ್ಟ ವಾಸನಿ ಬರಾಕತ್ತೈತಿ, ಇಲಿ ಗಿಲಿ ಸತ್ತೈತೇನ್ ನೋಡು" ಅಂದಳು ಅವ್ವ.

ಇಲಿ ಅಲ್ಲ. ಸತ್ತಿದ್ದು ಬ್ಯಾಗೇ.

ಇಂಥ ಬ್ಯಾಗುಗಳ ಬಟ್ಟೆ ನೈಲಾನ್, ಇಲ್ಲಾಂದ್ರೆ ಪಾಲಿಯೆಸ್ಟರ್. ಬರೀ ಬಟ್ಟೆ ನೀರು ತಡೆಯುವುದಿಲ್ಲ, ಅದಕ್ಕೆ ಒಳಮೈಗೆ ಪಾಲಿಯುರೆಥೇನ್ ಅನ್ನುವ ತೆಳ್ಳನೆ ಲೇಪ ಕೊಟ್ಟಿರುತ್ತಾರೆ. ಲೇಬಲ್ಲಿನಲ್ಲಿ ಪಿಯು ಕೋಟೆಡ್ ಅಂತ ಇರುತ್ತದಲ್ಲ, ಅದೇ ಇದು. ಈ ಲೇಪಕ್ಕೆ ದೊಡ್ಡ ಶತ್ರು ಗಾಳಿಯಲ್ಲಿರುವ ತೇವ. ತೇವದ ಜೊತೆ ಸೆಕೆಯೂ ಸೇರಿದರೆ ಲೇಪ ಒಳಗಿಂದೊಳಗೇ ಮುರಿಯುತ್ತಾ ಹೋಗುತ್ತದೆ. ಮೊದಲು ವಾಸನೆ, ಆಮೇಲೆ ಅಂಟು, ಕೊನೆಗೆ ಹಕ್ಕಳೆ ಹಕ್ಕಳೆಯಾಗಿ ಉದುರುವುದು. ಮುಂಬಯಿ ಕಡೆ ತೇವಕ್ಕೂ ಸೆಕೆಗೂ ಏನು ಕಮ್ಮಿ? ಅಂಥದ್ದರಲ್ಲಿ ನಾನು ಮಾಡಿದ್ದೇನು ಅಂದರೆ, ಅಕ್ಟೋಬರಿನಲ್ಲಿ ಕೊನೇ ಟ್ರೆಕ್ ಮುಗಿಸಿ ಬಂದವನು ಬ್ಯಾಗನ್ನು ಸರಿಯಾಗಿ ಒಣಗಿಸದೆ, ನಾಲ್ಕಾಗಿ ಮಡಚಿ, ಧೂಳು ಹಿಡಿಯದಿರಲಿ ಅಂತ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಲಾಫ್ಟಿಗೆ ಏರಿಸಿದ್ದೆ. ಅಷ್ಟೇ ಅಲ್ಲ, ಆಪತ್ತಿಗೆ ಇರಲಿ ಅಂತ ಅದರ ಜೇಬಿನಲ್ಲೇ ಒಂದು ಟಾರ್ಚು, ಬ್ಯಾಂಡೇಜು, ಎರಡು ಪೊಟ್ಟಣ ಓಆರ್‌ಎಸ್ ಇಟ್ಟಿದ್ದೆ. ಟಾರ್ಚಿನ ಸೆಲ್ಲು ಸೋರಿ ಸ್ಪ್ರಿಂಗಿಗೆ ಪುಡಿ ಕಟ್ಟಿತ್ತು. ಬ್ಯಾಂಡೇಜಿನ ಅಂಟು ಹೋಗಿತ್ತು.

ಆಪತ್ತಿಗೆ ಅಂತ ಇಟ್ಟಿದ್ದು ಆಪತ್ತು ಬರುವ ಮೊದಲೇ ಕೆಟ್ಟಿತ್ತು. ಹೊಸದನ್ನು ಕೊಳ್ಳುವಾಗ ಇದೊಂದನ್ನೇ ತಲೆಯಲ್ಲಿ ಇಟ್ಟುಕೊಂಡು ಹೋದೆ. ಟ್ರೆಕ್ಕಿಗೂ ಅದೇ ಬ್ಯಾಗು, ಮಳೆಯ ರಾತ್ರಿ ಮನೆ ಬಿಡಬೇಕಾಗಿ ಬಂದರೂ ಅದೇ ಬ್ಯಾಗು. ಎರಡು ಇಟ್ಟುಕೊಂಡರೆ ಒಂದು ಲಾಫ್ಟಿಗೆ ಹೋಗೇ ಹೋಗುತ್ತದೆ, ಲಾಫ್ಟಿಗೆ ಹೋದದ್ದು ಸಾಯುತ್ತದೆ.

ಮನೆ ಬಿಡುವ ಮಾತು ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ನಮ್ಮ ಅಕ್ಕ ಇರುವುದು ಬದಲಾಪುರದಲ್ಲಿ, ನೆಲಮಹಡಿ. 2019ರ ಜುಲೈ 26ರ ರಾತ್ರಿ ಉಲ್ಹಾಸ ನದಿ ಉಕ್ಕಿ ಊರೊಳಗೆ ಬಂತು. ಮನೆಯಲ್ಲಿ ಮೊಣಕಾಲಿನವರೆಗೆ ನೀರು, ಕರೆಂಟಿಲ್ಲ. ಭಾವ ಕಾಗದಪತ್ರ, ಬಟ್ಟೆ ಎಲ್ಲ ಸೂಟ್‌ಕೇಸಿಗೆ ತುಂಬಿದರು. ನೀರಿನಲ್ಲಿ ಗಾಲಿ ಎಲ್ಲಿ ತಿರುಗಬೇಕು? ತಲೆ ಮೇಲೆ ಹೊತ್ತರು. ಒಂದು ಕೈ ಸೂಟ್‌ಕೇಸಿಗೆ, ಇನ್ನೊಂದು ಕೈ ಮೆಟ್ಟಿಲಿನ ಕಂಬಿಗೆ, ಟಾರ್ಚು ಬಾಯಲ್ಲಿ. ಅಕ್ಕನ ಕಂಕುಳಲ್ಲಿ ಮೂರು ವರ್ಷದ ಮಗು. "ಆ ಮಗುವಿನ ಕೈ ಹಿಡಿಯಲು ನನಗೆ ಒಂದು ಕೈ ಉಳಿದಿರಲಿಲ್ಲ" ಅಂತ ಭಾವ ಇವತ್ತಿಗೂ ಹೇಳುತ್ತಾರೆ. ಬೆನ್ನಿಗೆ ಹಾಕುವ ಬ್ಯಾಗು ಯಾಕೆ ಅನ್ನುವುದಕ್ಕೆ ನನಗೆ ಬೇರೆ ಕಾರಣ ಬೇಕಿಲ್ಲ.

ಅದೇ ರಾತ್ರಿ ಮುಂಬಯಿಯಿಂದ ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ ದಾಟಿ ವಾಂಗಣಿಯ ಹತ್ತಿರ ನೀರಿನ ನಡುವೆ ನಿಂತುಬಿಟ್ಟಿತು. ನಿಪ್ಪಾಣಿ, ಬೆಳಗಾವಿ ಕಡೆಯ ನಮ್ಮವರು ಎಷ್ಟೋ ಜನ ಹತ್ತುವ ಗಾಡಿ ಅದು. ಸಾವಿರಕ್ಕೂ ಜಾಸ್ತಿ ಪ್ರಯಾಣಿಕರು. ಕೆಳಗೆ ಇಳಿಯಬೇಡಿ ಅಂತ ರೈಲ್ವೆಯವರು ಹೇಳುತ್ತಲೇ ಇದ್ದರು, ಮರುದಿನ ಮಧ್ಯಾಹ್ನದ ಹೊತ್ತಿಗೆ ಆಪತ್ತಿನ ರಕ್ಷಣಾ ಪಡೆ ಎನ್‌ಡಿಆರ್‌ಎಫ್, ನೌಕಾಪಡೆ ಎಲ್ಲ ಸೇರಿ ದೋಣಿಗಳಲ್ಲಿ ಅವರನ್ನು ಹೊರಗೆ ತಂದರು. ಅಲ್ಲಿ ಬೇಕಾಗಿದ್ದುದು ಓಡುವ ಶಕ್ತಿ ಅಲ್ಲ. ಕೂತು ಕಾಯಲು ನೀರು, ತಿನ್ನಲು ಏನಾದರೂ, ಬೆಳಕು, ಮಾತ್ರೆ. ಆಪತ್ತು ಅಂದರೆ ಬಹಳ ಸಲ ಕಾಯುವುದೇ ಅಲ್ವಾ? 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗಲೂ ಸಾವಿರಾರು ಜನ ಆಫೀಸಿನಲ್ಲಿ, ಬಸ್ಸಿನಲ್ಲಿ, ನಿಂತ ಲೋಕಲ್ ರೈಲಿನಲ್ಲಿ ರಾತ್ರಿ ಕಳೆದರು.

ಇನ್ನು ಟ್ರೆಕ್. ನಾನು ಹೋಗುವುದು ಸಹ್ಯಾದ್ರಿಯ ಕೋಟೆಗಳಿಗೆ: ಹರಿಶ್ಚಂದ್ರಗಡ, ರತನಗಡ, ರಾಜಗಡದಿಂದ ತೋರಣಾ. ಒಂದು ರಾತ್ರಿ, ಹೆಚ್ಚೆಂದರೆ ಎರಡು. ಇಷ್ಟಕ್ಕೆ 70 ಲೀಟರಿನ ಬ್ಯಾಗು ಬೇಡವೇ ಬೇಡ. ಜಾಗ ಇದ್ದಷ್ಟೂ ತುಂಬಬೇಕು ಅನಿಸುತ್ತದೆ, ಅದು ಮನುಷ್ಯನ ಗುಣ. ಪಾಚನೈ, ಖಿರೇಶ್ವರದಂಥ ಬುಡದ ಹಳ್ಳಿಗಳಲ್ಲಿ ಪಿಠ್ಲ ಭಾಕರಿಯ ಊಟ ಸಿಗುತ್ತದೆ, ವಾರದ ದಿನಸಿ ಹೊರುವ ಅಗತ್ಯ ಇಲ್ಲ. 30 ಲೀಟರ್ ಆದರೆ ಸ್ಲೀಪಿಂಗ್ ಬ್ಯಾಗ್ ಹಾಕಿದ ಮೇಲೆ ಉಳಿಯುವುದು ಅಂಗೈಯಗಲ ಜಾಗ. 45ರಿಂದ 50 ಲೀಟರ್ ಸಾಕು ಅಂತ ತೀರ್ಮಾನಿಸಿದೆ. ಮುಂದೆ ಯಾವತ್ತಾದರೂ ಹಿಮಾಲಯಕ್ಕೆ ಹೋದರೂ ನಡೆದೀತು. ಮತ್ತೆ ಕಸಾರಾ ಲೋಕಲ್‌ನ ಬಾಗಿಲಲ್ಲಿ ನುಗ್ಗಬೇಕಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಲೀಟರ್ ಎಲ್ಲರೂ ಕೇಳುತ್ತಾರೆ. ಬೆನ್ನಿನ ಉದ್ದ ಯಾರೂ ಕೇಳುವುದಿಲ್ಲ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಕತ್ತು ಮುಂದಕ್ಕೆ ಬಗ್ಗಿಸಿದರೆ ಹಿಂದೆ ಒಂದು ಎಲುಬು ಉಬ್ಬಿ ಕೈಗೆ ಸಿಗುತ್ತದೆ. ಎರಡೂ ಕೈ ಸೊಂಟದ ಮೇಲಿಟ್ಟು ಹೆಬ್ಬೆರಳು ಬೆನ್ನಿನ ಕಡೆ ಮಾಡಿದರೆ ಸೊಂಟದ ಎಲುಬಿನ ಮೇಲಂಚು ಗೊತ್ತಾಗುತ್ತದೆ. ಆ ಉಬ್ಬಿನಿಂದ ಎರಡು ಹೆಬ್ಬೆರಳ ನಡುವಿನ ಗೆರೆಯವರೆಗೆ ಅಳತೆ. ಅವ್ವ ಬ್ಲೌಸ್ ಅಳೆಯುವ ಟೇಪು ತಂದು ಅಳೆದಳು, 46 ಸೆಂಟಿಮೀಟರ್. ನನಗಿಂತ ಮೂರು ಇಂಚು ಕುಳ್ಳಗಿರುವ ಗೆಳೆಯನ ಬೆನ್ನು 49. ಅವನ ಕಾಲು ಗಿಡ್ಡ, ಬೆನ್ನು ಉದ್ದ. ಅಂದರೆ ಎತ್ತರ ನೋಡಿ ಬ್ಯಾಗು ಕೊಟ್ಟರೆ ಇಬ್ಬರಿಗೂ ತಪ್ಪು ಬ್ಯಾಗು ಬರುತ್ತಿತ್ತು.

ಈ ಅಳತೆ ಯಾಕೆ ಬೇಕು ಅಂದರೆ ಭಾರ ಹೊರಬೇಕಾದ್ದು ಸೊಂಟ, ಹೆಗಲಲ್ಲ. ನಮ್ಮ ಊರ ಕಡೆ ನೀರು ತರುವ ಹೆಂಗಸರು ತುಂಬಿದ ಕೊಡವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಡೆಯುತ್ತಾರಲ್ಲ, ಎಲುಬಿನ ಮೇಲೆ ಕೂತ ಭಾರ ನೇರ ಕಾಲಿಗೆ ಇಳಿಯುತ್ತದೆ. ಬ್ಯಾಗಿನ ಸೊಂಟಪಟ್ಟಿ ಮಾಡುವ ಕೆಲಸವೂ ಅದೇ. ಪಟ್ಟಿಯ ಮೆತ್ತೆ ಸೊಂಟದ ಎಲುಬಿನ ಮೇಲೆ ಕೂರಬೇಕು. ಹೊಟ್ಟೆಗೆ ಕಟ್ಟಿದರೆ ಉಸಿರು ಕಟ್ಟುತ್ತದೆ, ಕೆಳಗೆ ಜಾರಿದರೆ ತೊಡೆ ಎತ್ತಲು ಆಗುವುದಿಲ್ಲ. ಬೆನ್ನಿನ ಉದ್ದ ಹೊಂದದಿದ್ದರೆ ಪಟ್ಟಿ ಆ ಜಾಗಕ್ಕೆ ಬರುವುದೇ ಇಲ್ಲ, ಎಷ್ಟು ಸಾವಿರ ಕೊಟ್ಟು ತಂದರೂ ಅಷ್ಟೆ.

ಅಂಗಡಿಗೆ ಹೋಗುವಾಗ ಐದೈದು ಲೀಟರಿನ ಎರಡು ನೀರಿನ ಕ್ಯಾನು ತೆಗೆದುಕೊಂಡು ಹೋದೆ. ಹತ್ತು ಕಿಲೋ. ಕಾಗದ ತುಂಬಿ ಉಬ್ಬಿಸಿಟ್ಟ ಬ್ಯಾಗು ಯಾವುದಾದರೂ ಬೆನ್ನಿಗೆ ಹಿತವಾಗಿಯೇ ಇರುತ್ತದೆ. ಅಂಗಡಿಯ ಹುಡುಗ ಒಳ್ಳೆಯವನು, ತಾನೇ ಕ್ಯಾನು ಒಳಗಿಟ್ಟು ಸುತ್ತ ಬಟ್ಟೆ ತುರುಕಿ ಕೊಟ್ಟ. ಪಟ್ಟಿಗಳನ್ನೆಲ್ಲ ಸಡಿಲ ಮಾಡಿ ಹಾಕಿಕೊಳ್ಳಬೇಕು. ಮೊದಲು ಸೊಂಟದ್ದು ಬಿಗಿ, ಆಮೇಲೆ ಹೆಗಲಿನದು, ಆಮೇಲೆ ಹೆಗಲ ಮೇಲಿಂದ ಬ್ಯಾಗಿನ ತಲೆಗೆ ಓರೆಯಾಗಿ ಹೋಗುವ ಎರಡು ಸಣ್ಣ ಪಟ್ಟಿ, ಕೊನೆಗೆ ಎದೆಯದು. ಹಾಕಿಕೊಂಡು ಮೂರು ಮಹಡಿ ಹತ್ತಿ ಇಳಿದೆ, ಕುಕ್ಕರಗಾಲಲ್ಲಿ ಕೂತು ಎದ್ದೆ, ತಲೆ ಎತ್ತಿ ಮೇಲೆ ನೋಡಿದೆ. ಮೊದಲನೇ ಬ್ಯಾಗು ನೋಡಲು ಚೆಂದ, ಆದರೆ ಸೊಂಟಪಟ್ಟಿಯಲ್ಲಿ ಮೆತ್ತೆಯೇ ಇಲ್ಲ, ಬರೀ ನವಾರಿನಂಥ ಪಟ್ಟಿ. ಹತ್ತು ನಿಮಿಷಕ್ಕೆ ಹೆಗಲು ಉರಿಯತೊಡಗಿತು. ಎರಡನೆಯದರಲ್ಲಿ ಕತ್ತು ಹಿಂದಕ್ಕೆ ಮಾಡಿದರೆ ತಲೆ ಬ್ಯಾಗಿಗೆ ತಾಗುತ್ತಿತ್ತು. ಕಲ್ಲು ಹತ್ತುವಾಗ ಮೇಲೆ ನೋಡಲಾಗದ ಬ್ಯಾಗು ಯಾತಕ್ಕೆ? ಮೂರನೆಯದನ್ನು ಇಪ್ಪತ್ತು ನಿಮಿಷ ಹೊತ್ತೆ, ಮಾತಾಡುತ್ತಾ ಬೆನ್ನಲ್ಲಿ ಬ್ಯಾಗಿದೆ ಅನ್ನುವುದೇ ಮರೆಯಿತು. ಅದನ್ನೇ ಕೊಂಡೆ, 48 ಲೀಟರಿನದು.

ಅಂಗಡಿಯಲ್ಲಿ ಒಂದು ಸಾಲು ಸೈನ್ಯದ ಮಾದರಿಯ ಬ್ಯಾಗುಗಳೂ ಇದ್ದವು. ಮೈತುಂಬ ಅಡ್ಡಪಟ್ಟಿ, 1000 ಡೆನಿಯರ್ ಬಟ್ಟೆ, ಗುಂಡು ಹೊಡೆದರೂ ಹರಿಯದು ಅನ್ನುವ ಥರ ಕಾಣುತ್ತವೆ. ಡೆನಿಯರ್ ಅಂದರೆ 9,000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಅಂತ. 1000 ಅಂದರೆ ಒಂಬತ್ತು ಕಿಲೋಮೀಟರ್ ನೂಲು ಒಂದು ಕಿಲೋ ತೂಗುತ್ತದೆ. ನೂಲು ದಪ್ಪ ಆದಷ್ಟೂ ಬಟ್ಟೆ ಉಜ್ಜಾಟ ತಡೆಯುತ್ತದೆ, ನಿಜ. ಆದರೆ ಆ ತೂಕವನ್ನು ಹೊರುವವರು ಯಾರು? ಖಾಲಿ ಬ್ಯಾಗೇ ಎರಡೂವರೆ ಕಿಲೋ ಇದ್ದರೆ ಒಂದು ಲೀಟರ್ ನೀರು ಕಮ್ಮಿ ಒಯ್ಯಬೇಕಾಗುತ್ತದೆ. ಆ ಅಡ್ಡಪಟ್ಟಿಗಳು ಕಾರ್ವಿ ಗಿಡಗಳ ನಡುವೆ, ಲೋಕಲ್‌ನ ಜನರ ನಡುವೆ ಎಲ್ಲಿ ಬೇಕಾದರೂ ಸಿಕ್ಕಿಕೊಳ್ಳುತ್ತವೆ. ನನ್ನ ಅಭಿಪ್ರಾಯ ಇಷ್ಟೆ: ಕಲ್ಲಿಗೆ ತಿಕ್ಕುವುದು ಬ್ಯಾಗಿನ ತಳ, ಅಲ್ಲಿ 420, 500 ಡೆನಿಯರ್ ನೈಲಾನ್ ಇರಲಿ. ಮಿಕ್ಕ ಕಡೆ 210 ಸಾಕು. ಅದೂ ರಿಪ್‌ಸ್ಟಾಪ್ ಆಗಿದ್ದರೆ ಒಳ್ಳೆಯದು. ಅಂಥ ಬಟ್ಟೆಯಲ್ಲಿ ಚೌಕ ಚೌಕವಾಗಿ ದಪ್ಪ ಎಳೆ ಕಾಣುತ್ತದೆ, ಒಂದು ಕಡೆ ಹರಿದರೆ ಆ ಎಳೆಯ ಹತ್ತಿರ ನಿಲ್ಲುತ್ತದೆ.

ಇನ್ನೊಂದು ಪಾಠ ಕಲಿತದ್ದು ಸ್ಟೇಷನ್ ಹತ್ತಿರ ಬ್ಯಾಗು ರಿಪೇರಿ ಮಾಡುವ ಚಾಚಾ ಹತ್ತಿರ. ಸತ್ತ ಬ್ಯಾಗು, ಹೊಸ ಬ್ಯಾಗು ಎರಡನ್ನೂ ಒಯ್ದಿದ್ದೆ. "ಬಟ್ಟೆ ಹರಿದು ಬರುವ ಬ್ಯಾಗು ಕಮ್ಮಿ ಬೇಟಾ, ಹೊಲಿಗೆ ಬಿಟ್ಟು ಬರುವುದೇ ಜಾಸ್ತಿ" ಅನ್ನುತ್ತಾ ಹೊಸ ಬ್ಯಾಗಿನ ಒಳಗು ಹೊರಗು ಮಾಡಿದರು. ಹೆಗಲಪಟ್ಟಿ ಬ್ಯಾಗಿಗೆ ಸೇರುವ ಬುಡ ತೋರಿಸಿದರು. ಅಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಒತ್ತೊತ್ತಾಗಿ ಹೊಲಿದ ದಪ್ಪ ಗೆರೆ ಇತ್ತು, ಉಗುರಿನಿಂದ ಕೆರೆದರೂ ಅಲುಗದು. ಬಾರ್‌ಟ್ಯಾಕ್ ಅನ್ನುವುದು ಅದನ್ನೇ. ಒಂದೊಂದು ಬುಡದಲ್ಲೂ ಅದು ಇದೆಯಾ ಅಂತ ಬೆರಳಿಟ್ಟು ಎಣಿಸಿದರು. ಹೊಲಿಗೆಯ ಆಚೆ ಬಟ್ಟೆಯ ಅಂಚು ಎಷ್ಟು ಉಳಿದಿದೆ, ಅದಕ್ಕೆ ಪಟ್ಟಿ ಕೊಟ್ಟು ಮುಚ್ಚಿದ್ದಾರಾ ಅಂತ ನೋಡಿದರು. ಅಂಚು ಬಿಚ್ಚಿಕೊಂಡಿದ್ದರೆ ಒಂದೊಂದೇ ಎಳೆ ಜಾರಿ ಒಂದು ದಿನ ಹೊಲಿಗೆ ಸಮೇತ ಕಿತ್ತು ಬರುತ್ತದಂತೆ. ನನ್ನ ಗೆಳೆಯನ ಬ್ಯಾಗಿಗೆ ಹರಿಶ್ಚಂದ್ರಗಡದ ದಾರಿಯ ತೋಲಾರ್ ಖಿಂಡಿನಲ್ಲಿ ಆದದ್ದು ಇದೇ. ಒಂದು ಹೆಗಲಪಟ್ಟಿ ಕಿತ್ತು ಬಂದು, ಮಳೆಯಲ್ಲಿ ಆ ಬ್ಯಾಗನ್ನು ಮಗುವಿನ ಹಾಗೆ ಎದೆಗೆ ಅಪ್ಪಿಕೊಂಡು ಇಳಿದ. ಮುಂದೆ ಕಾಲು ಎಲ್ಲಿ ಇಡುತ್ತಿದ್ದೇನೆ ಅಂತ ಅವನಿಗೆ ಕಾಣುತ್ತಿರಲಿಲ್ಲ, ಹಿಂದಿನಿಂದ ನಾವು ಹೇಳುತ್ತಾ ಬಂದೆವು.

ಮೇಲಿನ ಹಿಡಿಕೆಗೆ ಚಾಚಾ ಇನ್ನೊಂದು ಹೊಲಿಗೆ ಹಾಕಿಕೊಟ್ಟರು. ಬ್ಯಾಗನ್ನು ಎಲ್ಲರೂ ಹಿಡಿದು ಎಳೆಯುವುದು ಅದನ್ನೇ. ಆಮೇಲೆ ನಾನು ಕೇಳದೆಯೇ ಹಳೇ ಬ್ಯಾಗಿನಿಂದ ನಾಲ್ಕು ಬಕಲ್, ಎರಡು ಜಿಪ್ ಸ್ಲೈಡರ್ ಕತ್ತರಿಸಿ ಕೈಗಿತ್ತರು. "ಲೇಪ ಸತ್ತಿದೆ, ಇವು ಸತ್ತಿಲ್ಲ." ಆ ಬಕಲ್ಲುಗಳೀಗ ಹೊಸ ಬ್ಯಾಗಿನ ಮುಚ್ಚಳದ ಜೇಬಿನಲ್ಲಿವೆ, ಜೊತೆಗೆ ಒಂದು ದಬ್ಬಣ, ಮೇಣದ ದಾರ. ಸೊಂಟಪಟ್ಟಿಯ ಬಕಲ್ ಬಾಗಿಲಿಗೆ ಸಿಕ್ಕಿ ಒಡೆದರೆ ಬ್ಯಾಗಿನ ಅರ್ಧ ಕೆಲಸ ನಿಂತ ಹಾಗೆ. ಜಿಪ್ ವಿಷಯದಲ್ಲೂ ಅವರ ಮಾತು ಕೇಳಿದೆ. ಮಾಮೂಲಿ ನೈಲಾನ್ ಕಾಯಿಲ್ ಜಿಪ್ ಇರಲಿ, ಸ್ಲೈಡರ್ ಸವೆದರೆ ಯಾವ ಊರಿನ ಮೋಚಿಯಾದರೂ ಐದು ನಿಮಿಷದಲ್ಲಿ ಬದಲಿಸುತ್ತಾನೆ. ಸ್ಲೈಡರಿನ ಹಿಂದೆ 5, 8, 10 ಅಂತ ಸಂಖ್ಯೆ ಇರುತ್ತದೆ, ಅದು ಹಲ್ಲಿನ ಅಗಲ. ದೊಡ್ಡ ಬಾಯಿಗೆ 8 ಅಥವಾ 10 ಇದ್ದರೆ ನೆಮ್ಮದಿ. ಜಿಪ್ ಕಂಪನಿ ವೈಕೆಕೆಯ ಅಚ್ಚು ಇದ್ದರೆ ಇನ್ನೂ ಒಳ್ಳೆಯದು.

ಮಳೆಗೆ ರೇನ್ ಕವರ್ ನಂಬಬೇಡಿ. ಅದು ಹೊರಮೈ ಮುಚ್ಚುತ್ತದೆ, ಬೆನ್ನಿನ ಕಡೆಯಿಂದ ಇಳಿಯುವ ನೀರನ್ನು ಏನು ಮಾಡುತ್ತದೆ? ಹೊಲಿಗೆಯ ತೂತುಗಳಲ್ಲಿ ಒಳಗೆ ಬಂದೇ ಬರುತ್ತದೆ. ಹರಿಶ್ಚಂದ್ರಗಡದ ಕೋಕಣಕಡಾ ಪ್ರಪಾತದ ಅಂಚಿನಲ್ಲಿ ಕೆಳಗಿನಿಂದ ಮೇಲಕ್ಕೆ ಬೀಸುವ ಗಾಳಿಗೆ ಕವರ್ ಹಾರಿಹೋದದ್ದನ್ನು ನಾನೇ ನೋಡಿದ್ದೇನೆ. ಊರಲ್ಲಿ ಗೊಬ್ಬರದ ಚೀಲದ ಒಳಗಿನ ದಪ್ಪ ಪ್ಲಾಸ್ಟಿಕ್ಕನ್ನು ರೈತರು ತಲೆ ಮೇಲೆ ಕೊಪ್ಪೆ ಮಾಡಿ ಹಾಕಿಕೊಳ್ಳುತ್ತಾರಲ್ಲ, ಅಂಥದ್ದೇ ದಪ್ಪದ ಹೊಸ ಪಾಲಿಥೀನ್ ಚೀಲವನ್ನು ಬ್ಯಾಗಿನ ಒಳಗೆ ಹಾಕಿ, ಸಾಮಾನೆಲ್ಲ ಅದರೊಳಗೆ ತುಂಬಿ, ಬಾಯಿ ತಿರುಚಿ ಮಡಚಿ ಕಟ್ಟುತ್ತೇನೆ. ಬ್ಯಾಗು ತೊಯ್ದು ತೊಪ್ಪೆಯಾದರೂ ಒಳಗೆ ಬಟ್ಟೆ ಬೆಚ್ಚಗೆ ಇರುತ್ತದೆ. ಮತ್ತೆ ಇದನ್ನು ದಯವಿಟ್ಟು ನೆನಪಿಡಿ: ಹರಿಯುವ ನೀರಿಗೆ ಕಾಲಿಡಲೇಬೇಡಿ, ಬೇರೆ ದಾರಿಯೇ ಇಲ್ಲದೆ ದಾಟಬೇಕಾಗಿ ಬಂದರೆ ಮೊದಲು ಸೊಂಟದ, ಎದೆಯ ಬಕಲ್ ಬಿಚ್ಚಿಬಿಡಿ. ಕಾಲು ಜಾರಿದರೆ ಬ್ಯಾಗನ್ನು ಬಿಟ್ಟು ಏಳಲು ಆಗಬೇಕು. ಬಿಗಿದ ಬ್ಯಾಗು ಮನುಷ್ಯನನ್ನು ಮುಖ ಕೆಳಗಾಗಿ ಒತ್ತಿಹಿಡಿಯುತ್ತದೆ.

ಈಗ ಬ್ಯಾಗಿನಲ್ಲಿ ಯಾವಾಗಲೂ ಇರುವ ಸಾಮಾನು ಕೆಲವು ಇವೆ. ತಲೆಗೆ ಕಟ್ಟುವ ಟಾರ್ಚು, ಸೆಲ್ಲು ಬೇರೆ ಡಬ್ಬಿಯಲ್ಲಿ. ಸೀಟಿ. ಓಆರ್‌ಎಸ್, ಬ್ಯಾಂಡೇಜು, ಅವ್ವನ ಬಿಪಿ ಮಾತ್ರೆ ಒಂದು ವಾರಕ್ಕಾಗುವಷ್ಟು. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮನೆ ಪತ್ರದ ಜೆರಾಕ್ಸ್. ಹತ್ತು, ಐವತ್ತರ ನೋಟುಗಳು, ನೆಟ್‌ವರ್ಕ್ ಹೋದ ದಿನ ಫೋನಿನ ದುಡ್ಡು ಯಾರಿಗೂ ಬೇಡ. ಒಂದು ಚೀಟಿಯಲ್ಲಿ 112, ಜಿಲ್ಲೆಯ ಆಪತ್ತು ಕೇಂದ್ರದ 1077, ಅಕ್ಕನ ನಂಬರು, ಪೆನ್ನಿನಲ್ಲಿ ಬರೆದದ್ದು. ತಿನ್ನಲು ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಚಿಕ್ಕಿ. ಖಡಕ್ ರೊಟ್ಟಿಯಂಥ ಟ್ರೆಕ್ ಊಟ ಇನ್ನೊಂದಿಲ್ಲ ಅಂತ ನಾನು ಯಾರ ಮುಂದೆ ಬೇಕಾದರೂ ವಾದಿಸುತ್ತೇನೆ. ಹಗುರ, ಬೇಯಿಸುವ ಕೆಲಸ ಇಲ್ಲ, ತೇವ ತಾಗದಿದ್ದರೆ ವಾರಗಟ್ಟಲೆ ಕೆಡುವುದಿಲ್ಲ. ಪುಡಿಯಾದರೂ ಮೊಸರಿಗೋ ಹಿಂಡಿಗೋ ಕಲಸಿ ತಿನ್ನಬಹುದು. ಮೂರು ಲೀಟರ್ ನೀರು ತುಂಬಿಸಿ ತೂಗಿದರೆ ಒಟ್ಟು ಒಂಬತ್ತೂವರೆ ಕಿಲೋ. ಮೈತೂಕದ ಐದನೇ ಒಂದು ಭಾಗ ದಾಟಬಾರದು ಅನ್ನುವುದು ಟ್ರೆಕ್ಕರುಗಳ ಲೆಕ್ಕ, ನಾನು 64 ಕಿಲೋ, ಟೆಂಟಿನ ಪಾಲಿಗೆ ಇನ್ನೂ ಜಾಗ ಇದೆ. ನೀರು, ಊಟದಂಥ ಭಾರದ್ದು ಬೆನ್ನಿಗೆ ಅಂಟಿದ ಹಾಗೆ ನಡುವೆ, ಹಗುರದ್ದು ತಳದಲ್ಲಿ. ಅವ್ವನಿಗೆ ಈ ಬ್ಯಾಗು ಎತ್ತಲಾಗದು. ಅವಳಿಗೆ ಸಣ್ಣದೊಂದು ಬೇರೆ, ಮೂರು ಕಿಲೋ ಒಳಗೆ, ಮಾತ್ರೆಯ ಇನ್ನೊಂದು ಪಾಲು ಅದರಲ್ಲಿದೆ.

ಟ್ರೆಕ್ ಮುಗಿಸಿ ಬಂದ ದಿನ ಬ್ಯಾಗನ್ನು ತಣ್ಣೀರಿನಲ್ಲಿ ಒರೆಸಿ, ಎಲ್ಲ ಜಿಪ್ ತೆಗೆದು, ಫ್ಯಾನಿನ ಕೆಳಗೆ ತಲೆಕೆಳಗಾಗಿ ಎರಡು ದಿನ ನೇತುಹಾಕುತ್ತೇನೆ. ಬಿಸಿಲಿಗೆ ಹಾಕುವುದಿಲ್ಲ, ನೈಲಾನಿಗೆ ಬಿಸಿಲು ಆಗದು. ಆಮೇಲೆ ಅದರ ಜಾಗ ಬಾಗಿಲ ಹಿಂದಿನ ಗೂಟ. ಮಡಚುವುದಿಲ್ಲ, ಕಟ್ಟುವುದಿಲ್ಲ. ಹಾದು ಹೋಗುವಾಗ ಮೂಗಿಗೆ ಹುಳಿ ವಾಸನೆ ಬರುತ್ತದಾ ಅಂತ ನೋಡುತ್ತೇನೆ.

ನಿನ್ನೆ ಸಂಜೆ ಅವ್ವ ಗೂಟದ ಹತ್ತಿರ ನಿಂತು ಹಳೇ ರೊಟ್ಟಿ ಕಟ್ಟು ತೆಗೆದು ಹೊಸದು ಹಾಕುತ್ತಿದ್ದಳು. "ಶನಿವಾರ ಹೊಂಟೀಯಲ್ಲ, ಹಳೇವು ಮೊದಲ ತಿನ್ನು, ಹೊಸಾವು ಬ್ಯಾಗಿನ್ಯಾಗ ಇರಲಿ" ಅಂದಳು. ಹಳೇ ಕಟ್ಟು ಈಗ ಡಬ್ಬಿಯಲ್ಲಿದೆ, ಶನಿವಾರ ಕಸಾರಾ ಲೋಕಲ್‌ನಲ್ಲಿ ಖಾಲಿ ಆಗುತ್ತದೆ.